‘ವಾಸ್’ ಯಾಕೆ, ‘ವರ್’ ಯಾಕೆ? *ವೆಸನಂ ಕ್ರಿಯಾಪದದ ಟಿಪ್ಪಣಿ

‘ಐ ವಾಸ್, ದೇ ವರ್’ ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ. ಒಂದರ ಕೊನೆಯಲ್ಲಿ ಸಕಾರ, ಇನ್ನೊಂದರಲ್ಲಿ ರಕಾರ. ಇದರ ಬೇರು ಪ್ರೋಟೊ-ಜರ್ಮ್ಯಾನಿಕ್‌ನಲ್ಲಿದೆ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಎಲ್ಲ ಹುಟ್ಟಿದ್ದು ಈ ಭಾಷೆಯಿಂದ. ಇದರ ಬರಹ ನಮಗೆ ಸಿಕ್ಕಿಲ್ಲ. ಮುಂದಿನ ಭಾಷೆಗಳನ್ನು ಹೋಲಿಸಿ ಪಂಡಿತರು ಕಟ್ಟಿದ ರೂಪಗಳಷ್ಟೇ ಇವೆ, ಅದಕ್ಕೇ ಮುಂದೆ ನಕ್ಷತ್ರ ಚಿಹ್ನೆ.

‘ವಾಸ್’, ‘ವರ್’ ಎರಡಕ್ಕೂ ಮೂಲವಾದ ಆ ಭಾಷೆಯ ಕ್ರಿಯಾಪದ *ವೆಸನಂ. ಅರ್ಥ ‘ಇರು, ಉಳಿ’. ಇದರ ಹಿಂದಿನ ಇಂಡೋ-ಯುರೋಪಿಯನ್ ಧಾತುವಿಗೆ ‘ತಂಗು, ರಾತ್ರಿ ಕಳೆ’ ಎಂಬ ಅರ್ಥ. ಸಂಸ್ಕೃತದ ‘ವಸತಿ’ (ವಾಸಿಸುತ್ತಾನೆ) ಅದೇ ಧಾತುವಿನದು. ಅಂದರೆ ನಾವು ಸಂಸ್ಕೃತದಿಂದ ತಂದುಕೊಂಡ ವಾಸ, ನಿವಾಸ, ವಸತಿಗೃಹಕ್ಕೂ ಇಂಗ್ಲಿಷಿನ ‘ವಾಸ್’ಗೂ ನಿಜವಾದ ನೆಂಟಸ್ತನವಿದೆ. ಸುಮ್ನೆ ಸದ್ದು ಹೋಲುತ್ತದೆ ಅಂತ ಹೇಳುತ್ತಿಲ್ಲ, ಧ್ವನಿ ಬದಲಾವಣೆಯ ನಿಯಮಗಳೂ ಇದಕ್ಕೆ ಹೊಂದುತ್ತವೆ. ‘ತಂಗು’ ಹೋಗಿ ‘ಇರು’ ಆಗಿದ್ದು ನಮಗೇನೂ ವಿಚಿತ್ರ ಅನ್ನಿಸಬಾರದು. ‘ಎಲ್ಲಿರೋದು?’ ಅಂತ ನಾವು ಕೇಳುವುದು ಮನೆಯ ಬಗ್ಗೆಯೇ ಅಲ್ವಾ?

ಈಗ ರೂಪಗಳು. ಇದು ಒಳಗಿನ ಸ್ವರವನ್ನೇ ಬದಲಿಸಿ ಭೂತಕಾಲ ಮಾಡುವ ‘ಬಲಿಷ್ಠ’ ಕ್ರಿಯಾಪದಗಳ ಐದನೇ ಗುಂಪಿಗೆ ಸೇರುತ್ತದೆ. ಮೂಲರೂಪ *ವೆಸನಂ, ಭೂತಕಾಲದ ಏಕವಚನ *ವಸ್, ಬಹುವಚನ *ವೇಜ಼ುನ್. ಎ, ಅ, ಏ ಎಂಬ ಸ್ವರದ ಸಾಲು ಗುಂಪಿನ ಲಕ್ಷಣ, ಅದನ್ನು ನೆನಪಿಟ್ಟರೆ ಸಾಕು. ಬಹುವಚನದಲ್ಲಿ ಸ್ ಹೋಗಿ ಜ಼್ (ಇಂಗ್ಲಿಷಿನ z ಸದ್ದು) ಬಂದಿದೆ ನೋಡಿ, ನಿಜವಾದ ಸ್ವಾರಸ್ಯ ಅಲ್ಲಿದೆ.

ಯಾಕೋಬ್ ಗ್ರಿಮ್ 1822ರಲ್ಲಿ ಜರ್ಮ್ಯಾನಿಕ್ ವ್ಯಂಜನಗಳ ನಿಯಮ ಬರೆದಾಗ ಕೆಲವು ಪದಗಳು ಅದಕ್ಕೆ ಬಗ್ಗಲಿಲ್ಲ. 1870ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಆ ಗಂಟು ಬಿಡಿಸಿದ. ಆತನಿಗೆ ಸುಳಿವು ಕೊಟ್ಟಿದ್ದು ವೇದದ ಉದಾತ್ತ ಸ್ವರ, ಅಂದರೆ ಪದದ ಒಂದು ಅಕ್ಷರವನ್ನು ಏರುದನಿಯಲ್ಲಿ ಒತ್ತಿ ಹೇಳುವುದು. ‘ಬಿಭೇದ’ (ಸೀಳಿದನು) ಎಂಬ ಏಕವಚನದಲ್ಲಿ ಉದಾತ್ತ ಇರುವುದು ಧಾತುವಿನ ಮೇಲೆ. ‘ಬಿಭಿದುಃ’ (ಸೀಳಿದರು) ಎಂಬ ಬಹುವಚನದಲ್ಲಿ ಪ್ರತ್ಯಯದ ಮೇಲೆ. ಜರ್ಮ್ಯಾನಿಕ್‌ನಲ್ಲೂ ಮೊದಲು ಹಾಗೇ ಇತ್ತು. ಪದದ ನಡುವಿನ ಸಕಾರಕ್ಕೆ ಮುಂಚಿನ ಅಕ್ಷರದ ಮೇಲೆ ಒತ್ತು ಇಲ್ಲದಿದ್ದರೆ ಅದು ಮೆತ್ತಗಾಗಿ ಜ಼್ ಆಯಿತು. ಮಳೆ ಮತ್ತು ಕಾಲ ಸೇರಿದಾಗ ‘ಮಳೆಗಾಲ’ ಆಗಿ ಕಕಾರ ಗಕಾರವಾಗುತ್ತದಲ್ಲ, ಮೆತ್ತಗಾಗುವುದು ಅಂದರೆ ಅಂಥದ್ದೇ. ನಮ್ಮಲ್ಲಿ ಮಾತ್ರ ಅದಕ್ಕೆ ಒತ್ತಿನ ಹಂಗಿಲ್ಲ. ಆಮೇಲೆ ಜರ್ಮ್ಯಾನಿಕ್‌ನಲ್ಲಿ ಒತ್ತು ಪದದ ಮೊದಲ ಅಕ್ಷರಕ್ಕೇ ನಿಂತುಬಿಟ್ಟಿತು. ಕಾರಣ ಅಳಿಸಿಹೋಯಿತು, ಪರಿಣಾಮ ಉಳಿಯಿತು.

ಮುಂದೆ ಉತ್ತರ ಮತ್ತು ಪಶ್ಚಿಮದ ಜರ್ಮ್ಯಾನಿಕ್ ಭಾಷೆಗಳಲ್ಲಿ ಈ ಜ಼್ ರಕಾರವಾಯಿತು. *ವಸ್ ಇಂಗ್ಲಿಷಿನ ‘ವಾಸ್’ ಆಯಿತು, *ವೇಜ಼ುನ್ ‘ವರ್’ ಆಯಿತು. (‘ಈಸ್’ ಮತ್ತು ‘ಬಿ’ ಬೇರೆ ಧಾತುಗಳಿಂದ ಬಂದವು. ಸಂಸ್ಕೃತದ ‘ಅಸ್ತಿ’, ‘ಭವತಿ’ಗಳ ಬಳಗ ಅವು.)

ಎಲ್ಲ ಭಾಷೆಗಳೂ ಈ ವ್ಯತ್ಯಾಸ ಇಟ್ಟುಕೊಳ್ಳಲಿಲ್ಲ. ನಾಲ್ಕನೇ ಶತಮಾನದ ಬೈಬಲ್ ಅನುವಾದದಿಂದ ನಮಗೆ ಗೊತ್ತಿರುವ ಗಾಥಿಕ್‌ನಲ್ಲಿ ‘ವಸ್, ವೇಸುನ್’, ಎರಡೂ ಕಡೆ ಸಕಾರ. ಇಂದಿನ ಜರ್ಮನ್‌ನಲ್ಲಿ ‘ವಾರ್, ವಾರೆನ್’, ಎರಡೂ ಕಡೆ ರಕಾರ. ಆದರೂ ‘ಗೆವೇಜ಼ೆನ್’ ಎಂಬ ಭೂತಕೃದಂತದಲ್ಲಿ ಹಳೆಯ ಸಕಾರದ ಗುರುತು ಇನ್ನೂ ಇದೆ. ಡಚ್ ಕಲಿಯುವವರು ‘ಫೆರ್‌ಲೀಜ಼ೆನ್’ (ಕಳೆದುಕೊಳ್ಳು), ‘ಫೆರ್‌ಲೋರೆನ್’ (ಕಳೆದುಹೋದ) ಜೋಡಿಯನ್ನೂ ಇದೇ ನಿಯಮದಡಿ ಬರೆದಿಟ್ಟುಕೊಳ್ಳಿ.