ತರಬೇತಿ ಮುಗಿಸಿದವರು ಎಲ್ಲಿಗೆ ಹೋದರು? ಕೌಶಲ್ಯ ಸಂಸ್ಥೆಗಳ ಪಾರದರ್ಶಕತೆಯ ಪ್ರಶ್ನೆ ಬೆಳೆದುಬಂದ ಬಗೆ

ಯುವಜನರಿಗೆ ವೃತ್ತಿ ತರಬೇತಿ ಕೊಡುವ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯ ಮೊದಲ ಮೂರು ಹಂತಗಳನ್ನು ಪರಿಶೀಲಿಸಿದ, ಸರ್ಕಾರದ ಲೆಕ್ಕಗಳನ್ನು ತಪಾಸಣೆ ಮಾಡುವ ಸಿಎಜಿಯ ವರದಿ 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಲೆಕ್ಕಪರಿಶೋಧಕರು ನೋಡಿದ 95,90,801 ಅಭ್ಯರ್ಥಿಗಳ ದಾಖಲೆಗಳಲ್ಲಿ 90,66,264 ಕಡೆ ಬ್ಯಾಂಕ್ ಖಾತೆಯ ಅಂಕಣ ಖಾಲಿಯಾಗಿತ್ತು, ಇಲ್ಲವೇ ಅಲ್ಲಿ ಸೊನ್ನೆಯನ್ನೋ ‘ಅನ್ವಯಿಸುವುದಿಲ್ಲ’ ಎಂಬ ಅರ್ಥದ ಅಕ್ಷರಗಳನ್ನೋ ತುಂಬಲಾಗಿತ್ತು. ಅಂಕಿ ತುಂಬಿದ ಉಳಿದ ದಾಖಲೆಗಳಲ್ಲಿಯೂ ಒಂದೇ ಖಾತೆ ಸಂಖ್ಯೆ ಹಲವರ ಹೆಸರಿನ ಮುಂದೆ ಬಂದಿತ್ತು. ಕೆಲವೆಡೆ ‘1’ ಎಂಬ ಅಂಕಿಯನ್ನೇ ಸಾಲಾಗಿ ಒತ್ತಿ ಅಂಕಣವನ್ನು ಮುಗಿಸಲಾಗಿತ್ತು. ಫಲಾನುಭವಿಗಳನ್ನೇ ಕೇಳೋಣವೆಂದು ಪರಿಶೋಧಕರು ಇಮೇಲ್ ಮೂಲಕ ಸಮೀಕ್ಷೆ ನಡೆಸಿದಾಗ ಮೂರನೇ ಒಂದು ಭಾಗಕ್ಕೂ ಹೆಚ್ಚು ಪತ್ರಗಳು ತಲುಪಲೇ ಇಲ್ಲ. ಉತ್ತರ ಬಂದದ್ದು 171 ಮಾತ್ರ, ಅವುಗಳಲ್ಲಿ 131 ಒಂದೇ ವಿಳಾಸದಿಂದ ಅಥವಾ ತರಬೇತಿ ಕೇಂದ್ರಗಳ ವಿಳಾಸಗಳಿಂದಲೇ ಬಂದವು.

ಆ ತರಬೇತಿಗಳನ್ನು ನಡೆಸಿದವರಲ್ಲಿ ಕಂಪನಿಗಳಿದ್ದವು, ನ್ಯಾಸಗಳಿದ್ದವು, ನೋಂದಾಯಿತ ಸಂಘಗಳೂ ಇದ್ದವು. ಆದ್ದರಿಂದ ಈ ವರದಿಯನ್ನು ಲಾಭೋದ್ದೇಶವಿಲ್ಲದ ಸಂಸ್ಥೆಗಳ ಮೇಲಿನ ದೋಷಾರೋಪವೆಂದು ಓದುವುದು ಸರಿಯಲ್ಲ. ಆದರೆ ವೃತ್ತಿ ತರಬೇತಿಯ ಸಂಸ್ಥೆಯೊಂದು ಪಾರದರ್ಶಕವಾಗಿದೆಯೇ ಎಂದು ಕೇಳುವವರು ಎಲ್ಲಿ ಕಣ್ಣಿಡಬೇಕೆಂಬುದನ್ನು ಅದು ತೋರಿಸಿಕೊಡುತ್ತದೆ. ರಸೀದಿ, ವೋಚರು, ಆಯವ್ಯಯ ಪಟ್ಟಿಗಳೆಲ್ಲ ಸರಿಯಿದ್ದೂ, ಹಣ ಯಾರ ಹೆಸರಿನಲ್ಲಿ ಖರ್ಚಾಯಿತೋ ಆ ಹುಡುಗ ಹುಡುಗಿಯರು ಈಗ ಎಲ್ಲಿದ್ದಾರೆಂಬ ಪ್ರಶ್ನೆಗೆ ಉತ್ತರವಿಲ್ಲದಿರಬಹುದು. ನಮ್ಮ ಕಾನೂನುಗಳೂ ಯೋಜನೆಗಳೂ ದೀರ್ಘ ಕಾಲ ಮೊದಲನೆಯ ಲೆಕ್ಕವನ್ನಷ್ಟೇ ಕೇಳಿದವು. ಎರಡನೆಯದನ್ನು ಕೇಳಲು ಕಲಿತದ್ದು ತಡವಾಗಿ, ಅದೂ ಅರೆಬರೆಯಾಗಿ.

ಕರಾವಳಿಯಲ್ಲಿ ನೇಯ್ಗೆ, ಮುದ್ರಣ, ಹೆಂಚಿನ ಕೆಲಸಗಳನ್ನು ಕಲಿಸಿದ ಬಾಸೆಲ್ ಮಿಷನ್ ಹತ್ತೊಂಬತ್ತನೆಯ ಶತಮಾನದಲ್ಲೇ ವಾರ್ಷಿಕ ವರದಿಗಳನ್ನು ಅಚ್ಚುಹಾಕಿಸುತ್ತಿತ್ತು. ಆ ವರದಿಗಳು ಸಲ್ಲುತ್ತಿದ್ದದ್ದು ಹಣ ಕೊಟ್ಟವರಿಗೆ. ಕೆಲಸ ಕಲಿತ ಮಂಗಳೂರಿನವರು ಅವುಗಳ ಓದುಗರಲ್ಲ. ಕೊಟ್ಟವನಿಗೆ ಲೆಕ್ಕ ಒಪ್ಪಿಸುವ ಈ ಏರ್ಪಾಡೇ ಮುಂದಿನ ಕಾನೂನುಗಳಲ್ಲೂ ಉಳಿಯಿತು. 1860ರ ಸಂಘಗಳ ನೋಂದಣಿ ಕಾಯ್ದೆ ವರ್ಷಕ್ಕೊಮ್ಮೆ ಆಡಳಿತ ಮಂಡಳಿಯ ಸದಸ್ಯರ ಪಟ್ಟಿಯನ್ನು ಕೇಳಿತು. ನಮ್ಮ ರಾಜ್ಯದ 1960ರ ಕಾಯ್ದೆ ಅದರೊಂದಿಗೆ ಲೆಕ್ಕಪತ್ರವನ್ನೂ ಕೇಳುತ್ತದೆ. ಕಾಗದದ ಮೇಲೆ ಇದು ಸಾಕೆನಿಸಬಹುದು. ಸುಪ್ರೀಂ ಕೋರ್ಟಿನ ಆದೇಶದಂತೆ ಸಿಬಿಐ ದೇಶದ ಸ್ವಯಂಸೇವಾ ಸಂಸ್ಥೆಗಳ ಮಾಹಿತಿಯನ್ನು ಕಲೆಹಾಕಿ 2015ರಲ್ಲಿ ಸಲ್ಲಿಸಿದಾಗ, ಲಕ್ಷಗಟ್ಟಲೆ ಸಂಸ್ಥೆಗಳ ಪೈಕಿ ವಾರ್ಷಿಕ ಲೆಕ್ಕ ಕೊಡುತ್ತಿದ್ದವು ಸುಮಾರು ಶೇ 10ರಷ್ಟು ಮಾತ್ರ ಎಂಬುದು ತಿಳಿದುಬಂತು. ಸಲ್ಲಿಸಿದ ಲೆಕ್ಕವನ್ನು ತೆರೆದು ಓದುವವರು ಎಷ್ಟು ಮಂದಿ ಎಂಬುದನ್ನು ಕೇಳದಿರುವುದೇ ಲೇಸು.

ಈ ಹಿನ್ನೆಲೆಯಲ್ಲಿ ಉಜಿರೆಯ ಪ್ರಯೋಗವನ್ನು ಸ್ವಲ್ಪ ನಿಂತು ನೋಡಬೇಕು. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಎಸ್‌ಡಿಎಂ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜತೆಗೂಡಿ ಗ್ರಾಮೀಣ ಯುವಜನರ ಸ್ವಂತ ಉದ್ಯೋಗದ ತರಬೇತಿಗೆಂದು ಕಟ್ಟಿದ ರುಡ್‌ಸೆಟ್ ಸಂಸ್ಥೆಯ ಕ್ರಮ ಸರಳವಾಗಿತ್ತು: ಊಟ ವಸತಿ ಸಹಿತ ಉಚಿತವಾದ, ಕೆಲವೇ ವಾರಗಳ ತರಬೇತಿ, ಆಮೇಲೆ ಎರಡು ವರ್ಷಗಳವರೆಗೆ ಶಿಬಿರಾರ್ಥಿಯ ಬೆನ್ನುಹತ್ತಿ ವಿಚಾರಿಸುವ ಅನುಸರಣೆ. ಹೈನುಗಾರಿಕೆ, ಟೈಲರಿಂಗ್, ಮೋಟಾರ್ ರಿವೈಂಡಿಂಗ್ ಕಲಿತವರು ಅಂಗಡಿ ತೆರೆದರೇ, ಸಾಲ ಸಿಕ್ಕಿತೇ, ನಡುವೆ ಬಿಟ್ಟರೇ ಎಂಬುದು ಸಂಸ್ಥೆಯ ಕಡತದಲ್ಲಿ ಸೇರಬೇಕಿತ್ತು. ಇದನ್ನು ಯಾವ ಕಾನೂನೂ ಕೇಳಿರಲಿಲ್ಲ. ಸ್ಥಾಪಕರಲ್ಲಿ ಬ್ಯಾಂಕುಗಳೇ ಇದ್ದುದು ಇದಕ್ಕೆ ಮುಖ್ಯ ಕಾರಣವೆಂದು ನನಗನಿಸುತ್ತದೆ. ಸಾಲ ಕೊಟ್ಟವನಿಗೆ ಸಾಲಗಾರನ ಅಂಗಡಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯುವ ಅಗತ್ಯವಿರುತ್ತದೆ, ದಾನ ಕೊಟ್ಟವನಿಗೆ ಅಂಥ ಅಗತ್ಯವಿರುವುದಿಲ್ಲ.

2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಎತ್ತಿಕೊಂಡು ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು, ಅಂದರೆ ಆರ್‌ಸೆಟಿಗಳನ್ನು, ತೆರೆಯುವ ಯೋಜನೆ ರೂಪಿಸಿತು. ಭೂಮಿ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಕೇಂದ್ರದ ಅನುದಾನ, ನಡೆಸುವ ಹೊಣೆ ಬ್ಯಾಂಕಿನದು. ಈ ಸಂಸ್ಥೆಗಳ ಮಾಹಿತಿ ವ್ಯವಸ್ಥೆಯಲ್ಲಿ ‘ನೆಲೆಗೊಂಡವರು’ ಎಂಬ ಒಟ್ಟು ಸಂಖ್ಯೆಯನ್ನು ಬ್ಯಾಂಕ್ ಸಾಲದಿಂದ ಸ್ವಂತ ಉದ್ಯೋಗ ಹಿಡಿದವರು, ಸ್ವಂತ ಹಣದಿಂದ ಹಿಡಿದವರು, ಕೂಲಿ ಅಥವಾ ಸಂಬಳದ ಕೆಲಸಕ್ಕೆ ಸೇರಿದವರು ಎಂದು ಬಿಡಿಸಿ ತೋರಿಸಲಾಗುತ್ತದೆ. ಹೊರಗಿನವರು ನಿಜವಾಗಿ ಓದಬೇಕಾದದ್ದು ಈ ವಿಂಗಡಣೆಯನ್ನು. ಮೊದಲನೆಯ ಗುಂಪಿನವರಿಗೆ ಸಾಲದ ಖಾತೆಯಿರುತ್ತದೆ, ಪರೀಕ್ಷಿಸಲು ಸಾಧ್ಯ. ಎರಡನೆಯ ಗುಂಪು ಬಹುಮಟ್ಟಿಗೆ ಅನುಸರಣೆಗೆ ಹೋದ ಸಿಬ್ಬಂದಿಯ ಮಾತಿನ ಮೇಲೆ ನಿಂತಿರುತ್ತದೆ. ಸಾಲದ ಗುಂಪು ಕುಗ್ಗುತ್ತ ಸ್ವಂತ ಹಣದ ಗುಂಪು ಹಿಗ್ಗುತ್ತಿದ್ದರೆ ಕಾರಣ ಕೇಳುವುದು ಅನುಮಾನದ ಕೆಲಸವಲ್ಲ. ಅದಕ್ಕೆ ಒಳ್ಳೆಯ ಉತ್ತರವೂ ಇರಬಹುದು.

ರಾಷ್ಟ್ರಮಟ್ಟದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 2008ರಲ್ಲಿ ಹುಟ್ಟಿದ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನಿಗಮ, ಅಂದರೆ ಎನ್‌ಎಸ್‌ಡಿಸಿ, ಕಂಪನಿ ಕಾಯ್ದೆಯಡಿ ಲಾಭೋದ್ದೇಶವಿಲ್ಲದ ಕಂಪನಿಯಾಗಿ ನೋಂದಣಿಯಾಯಿತು. ಅದರ 10 ಕೋಟಿ ರೂಪಾಯಿ ಬಂಡವಾಳದಲ್ಲಿ ಸರ್ಕಾರದ ಪಾಲು ಶೇ 49, ಉದ್ಯಮ ಸಂಘಟನೆಗಳ ಪಾಲು ಶೇ 51. ಆದರೆ ತರಬೇತಿಗೆ ಹರಿದ ಹಣ ಈ 10 ಕೋಟಿಯಲ್ಲ. ಕೌಶಲ್ಯಾಭಿವೃದ್ಧಿ ನಿಧಿಯೆಂಬ ಟ್ರಸ್ಟ್ ಮೂಲಕ ಬಂದ ಸಾವಿರಾರು ಕೋಟಿ ರೂಪಾಯಿ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸರ್ಕಾರದ್ದೇ. ಹಣ ಸಾರ್ವಜನಿಕರದು, ಆಡಳಿತದ ಬಹುಮತ ಖಾಸಗಿಯವರದು ಎಂಬ ಈ ಏರ್ಪಾಡಿನ ಮೇಲೆ 2015ರಲ್ಲಿ ಸಿಎಜಿ ಆಕ್ಷೇಪ ಎತ್ತಿತು. ಮರುವರ್ಷ ಕೇಂದ್ರ ಸರ್ಕಾರ ನೇಮಿಸಿದ ಶಾರದಾ ಪ್ರಸಾದ್ ನೇತೃತ್ವದ ಸಮಿತಿ ಎನ್‌ಎಸ್‌ಡಿಸಿ ಹಾಗೂ ಅದು ಹುಟ್ಟುಹಾಕಿದ, ಒಂದೊಂದು ಉದ್ಯಮಕ್ಕೆ ತರಬೇತಿಯ ಮಟ್ಟವನ್ನು ಗೊತ್ತುಮಾಡಿ ಪ್ರಮಾಣಪತ್ರ ಕೊಡುವ ವಲಯವಾರು ಕೌಶಲ್ಯ ಮಂಡಳಿಗಳಲ್ಲಿ ಹಿತಾಸಕ್ತಿಯ ಸಂಘರ್ಷವಿದೆ ಎಂದು ನೇರವಾಗಿಯೇ ಬರೆಯಿತು. ‘ಲಾಭೋದ್ದೇಶವಿಲ್ಲದ’ ಎಂಬ ವಿಶೇಷಣ ನೋಂದಣಿಯ ಬಗೆಯನ್ನಷ್ಟೇ ಹೇಳುತ್ತದೆ. ಪಾಠ ಹೇಳುವವನು, ಪರೀಕ್ಷಿಸುವವನು, ಪ್ರಮಾಣಪತ್ರ ಕೊಡುವವನು ಒಂದೇ ಬಳಗದವರೇ ಎಂಬುದನ್ನು ಬೇರೆಯಾಗಿ ವಿಚಾರಿಸಬೇಕಾಗುತ್ತದೆ.

ಹಣ ಬಿಡುಗಡೆಯ ನಿಯಮಗಳು ಸಂಸ್ಥೆಗಳ ನಡವಳಿಕೆಯನ್ನು ಹೇಗೆ ತಿದ್ದುತ್ತವೆ, ಕೆಲವೊಮ್ಮೆ ಹೇಗೆ ಕೆಡಿಸುತ್ತವೆ ಎಂಬುದೂ ಇದೇ ಕಾಲದ ಕಥೆ. ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯ 2016ರ ಹಂತದಲ್ಲಿ ತರಬೇತಿ ಆರಂಭವಾದಾಗ ಶೇ 30, ಪ್ರಮಾಣೀಕರಣವಾದಾಗ ಶೇ 50, ಕೆಲಸ ಸಿಕ್ಕಿದ್ದಕ್ಕೆ ದಾಖಲೆ ಒದಗಿಸಿದಾಗ ಉಳಿದ ಶೇ 20 ಹಣ ಬರುತ್ತಿತ್ತು. ಕೆಲಸ ಕೊಡಿಸುವ ಕಷ್ಟದ ಪಾಲಿಗೆ ಐದರಲ್ಲೊಂದು ಭಾಗ ಮಾತ್ರ ಉಳಿದಿದ್ದರಿಂದ, ಅದನ್ನು ಬಿಟ್ಟುಕೊಟ್ಟು ಮುಂದಿನ ತಂಡವನ್ನು ಸೇರಿಸಿಕೊಳ್ಳುವುದೇ ಅನೇಕರಿಗೆ ಸುಲಭದ ಲೆಕ್ಕಾಚಾರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಇದಕ್ಕಿಂತ ಬಿಗಿಯಾಗಿತ್ತು. ತರಬೇತಿ ಪಡೆದವರಲ್ಲಿ ಕನಿಷ್ಠ ಶೇ 70 ಮಂದಿಗೆ ಉದ್ಯೋಗ ಕೊಡಿಸುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿ, ಸಂಬಳದ ಚೀಟಿ ಅಥವಾ ಬ್ಯಾಂಕ್ ಪಾವತಿಯ ಪುರಾವೆಯೊಂದಿಗೆ ಮೂರು ತಿಂಗಳಾದರೂ ಕೆಲಸದಲ್ಲಿ ನಿಂತವರನ್ನು ಮಾತ್ರ ಎಣಿಸಬೇಕೆಂದಿತು. ನೇಮಕಾತಿ ಪತ್ರ ಮತ್ತು ಮೂರನೆಯ ತಿಂಗಳ ಸಂಬಳದ ಚೀಟಿ ಇವೆರಡರ ನಡುವಿನ ಅಂತರ ಸಣ್ಣದಲ್ಲ. ಕೊಪ್ಪಳದಿಂದಲೋ ಬೀದರದಿಂದಲೋ ಬೆಂಗಳೂರಿನ ಗಾರ್ಮೆಂಟ್ಸಿಗೆ ಬಂದ ಹುಡುಗಿಗೆ ಪಿಜಿಯ ಬಾಡಿಗೆ, ಊಟ, ಓಡಾಟ ಕಳೆದು ಮನೆಗೆ ಕಳಿಸಲು ಏನೂ ಉಳಿಯದೆ ಅವಳು ಊರಿಗೆ ಮರಳುವುದು ಬಹುತೇಕ ಈ ಅವಧಿಯಲ್ಲೇ.

ಇನ್ನು ಶೇಕಡಾವಾರಿನ ಮಾತು. ನೂರು ಮಂದಿ ಸೇರಿ, ಎಪ್ಪತ್ತು ಮಂದಿ ಪ್ರಮಾಣಪತ್ರ ಪಡೆದು, ನಲವತ್ತೊಂಬತ್ತು ಮಂದಿ ಕೆಲಸಕ್ಕೆ ಸೇರಿದರೆ, ಪ್ರಮಾಣಪತ್ರ ಪಡೆದವರ ಲೆಕ್ಕದಲ್ಲಿ ಉದ್ಯೋಗ ಪಡೆದವರು ಶೇ 70. ಸೇರಿದವರ ಲೆಕ್ಕದಲ್ಲಿ ಶೇ 49. ಎರಡೂ ಸುಳ್ಳಲ್ಲ. ವಾರ್ಷಿಕ ವರದಿಯ ಮುಖಪುಟಕ್ಕೆ ಯಾವುದು ಏರುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ. ಈಗಾಗಲೇ ಕೆಲಸದಲ್ಲಿರುವ ಗಾರೆಯವನಿಗೋ ಬಡಗಿಗೋ ಕೆಲವು ದಿನಗಳ ಪರಿಚಯ ತರಗತಿ ನಡೆಸಿ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ಯ ಪ್ರಮಾಣಪತ್ರಗಳೂ ಇದೇ ಒಟ್ಟಿನಲ್ಲಿ ಸೇರಿದ್ದರೆ ಸಂಖ್ಯೆ ಇನ್ನಷ್ಟು ಉಬ್ಬುತ್ತದೆ. ಸೇರಿದವರು, ನಡುವೆ ಬಿಟ್ಟವರು, ಮುಗಿಸಿದವರು, ಕೆಲಸಕ್ಕೆ ಹೋದವರು, ಆರು ತಿಂಗಳಾದ ಮೇಲೂ ಅಲ್ಲಿರುವವರು ಎಂಬ ಐದು ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿಟ್ಟು ಪ್ರಕಟಿಸುವ ಸಂಸ್ಥೆಯ ಸಾಧನೆ ಸಾಧಾರಣವಾಗಿ ಕಂಡರೂ, ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ದಾನಿಗಳು ಸಾಮಾನ್ಯವಾಗಿ ಮೊದಲು ಕೇಳುವುದು ಆಡಳಿತ ವೆಚ್ಚ ಎಷ್ಟೆಂದು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿದ ಮೇಲಂತೂ ಈ ಪ್ರಶ್ನೆಗೆ ಇನ್ನಿಲ್ಲದ ಮಹತ್ವ ಬಂದಿದೆ. ತರಬೇತಿ ಸಂಸ್ಥೆಯ ಮಟ್ಟಿಗೆ ಇದು ದಾರಿ ತಪ್ಪಿಸುವ ಅಳತೆ. ಅಲ್ಲಿ ಖರ್ಚಿನ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಆ ಕಾಯ್ದೆಯ ನಿಯಮಗಳೇ ತರಬೇತಿಯನ್ನು ಮುಖ್ಯ ಕೆಲಸವಾಗಿಸಿಕೊಂಡ ಸಂಸ್ಥೆಗಳ ಬೋಧಕರ ಮತ್ತು ಕ್ಷೇತ್ರದಲ್ಲಿ ಮಾಹಿತಿ ಕಲೆಹಾಕುವವರ ಸಂಬಳವನ್ನು ಆಡಳಿತ ವೆಚ್ಚದಿಂದ ಹೊರಗಿಟ್ಟಿವೆ. ಆದರೂ ಶಿಬಿರಾರ್ಥಿಗಳಿಗೆ ಫೋನ್ ಮಾಡಿ, ಊರಿಗೆ ಹೋಗಿ ವಿಚಾರಿಸುವ ಅನುಸರಣೆಯ ಸಿಬ್ಬಂದಿ ಬೋಧಕರಲ್ಲದ್ದರಿಂದ ಅವರನ್ನು ಆಡಳಿತ ವೆಚ್ಚವೆಂದೇ ಕಾಣುವುದು ಸುಲಭ. ಆಡಳಿತ ವೆಚ್ಚವನ್ನು ತೆಳ್ಳಗೆ ತೋರಿಸಲು ಹೊರಟ ಸಂಸ್ಥೆ ಮೊದಲು ಕೈಬಿಡುವುದು ಇಂಥ ಹುದ್ದೆಯನ್ನೇ. ಕಾರ್ಪೊರೇಟ್ ಹಣದ ವಿಷಯದಲ್ಲಿ 2021ರ ತಿದ್ದುಪಡಿ ಸ್ವಲ್ಪ ವಾಸಿ: 10 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಬಾಧ್ಯತೆಯಿರುವ ಕಂಪನಿಗಳು 1 ಕೋಟಿ ಅಥವಾ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಿ, ಆ ವರದಿಯನ್ನು ತಮ್ಮ ವಾರ್ಷಿಕ ಸಿಎಸ್‌ಆರ್ ವರದಿಗೆ ಲಗತ್ತಿಸಬೇಕು. ಹೀಗಾಗಿ ತರಬೇತಿ ಸಂಸ್ಥೆಯ ಜಾಲತಾಣದಲ್ಲಿ ಸಿಗದ ವಿವರ ಹಣ ಕೊಟ್ಟ ಕಂಪನಿಯ ವರದಿಯ ಅನುಬಂಧದಲ್ಲಿ ಸಿಗುವುದುಂಟು.

ಕೇಳುವ ಹಕ್ಕಿನ ಪ್ರಶ್ನೆಗೆ 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಮಹತ್ವದ ಉತ್ತರ ಕೊಟ್ಟಿತು. ಸರ್ಕಾರದಿಂದ ನೇರವಾಗಿಯೋ ಪರೋಕ್ಷವಾಗಿಯೋ ಗಣನೀಯ ನೆರವು ಪಡೆದ ಸರ್ಕಾರೇತರ ಸಂಸ್ಥೆ ಮಾಹಿತಿ ಹಕ್ಕು ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರವೇ ಆಗುತ್ತದೆ. ನೆರವು ಅರ್ಧಕ್ಕಿಂತ ಹೆಚ್ಚಿರಲೇಬೇಕೆಂದಿಲ್ಲ. ನಗರದಲ್ಲಿ ಪುಕ್ಕಟೆಯಾಗಿ ಅಥವಾ ಭಾರಿ ರಿಯಾಯಿತಿಯಲ್ಲಿ ಕೊಟ್ಟ ನಿವೇಶನವೂ ಗಣನೀಯ ನೆರವೆನಿಸಬಹುದು ಎಂದು ತೀರ್ಪು ಹೇಳಿತು. ಯಾವ ಸಂಸ್ಥೆಗೆ ಇದು ಅನ್ವಯಿಸುತ್ತದೆಂಬುದನ್ನು ಒಂದೊಂದಾಗಿಯೇ ತೀರ್ಮಾನಿಸಬೇಕಾದ್ದರಿಂದ, ಅರ್ಜಿ ಹಾಕಿದವರು ಮಾಹಿತಿ ಆಯೋಗದವರೆಗೆ ಅಲೆಯಬೇಕಾಗಬಹುದು. ಆದರೆ ಸರ್ಕಾರಿ ಯೋಜನೆಯ ಹಣದಲ್ಲಿ ನಡೆದ ತಂಡದ ವಿವರವನ್ನು, ಸಂಸ್ಥೆಯನ್ನು ಬಿಟ್ಟು, ಹಣ ಬಿಡುಗಡೆ ಮಾಡಿದ ಇಲಾಖೆಯಿಂದಲೇ ಕೇಳುವ ದಾರಿ ಮೊದಲಿನಿಂದಲೂ ತೆರೆದೇ ಇದೆ.

ಇಷ್ಟೆಲ್ಲ ಆದಮೇಲೆ ಇತ್ತೀಚಿನ ಬದಲಾವಣೆ ವಿಚಿತ್ರವಾಗಿ ಕಾಣುತ್ತದೆ. ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯ ಮೊದಲ ಮೂರು ಹಂತಗಳಲ್ಲಿ ಅಲ್ಪಾವಧಿ ತರಬೇತಿ ಪಡೆದವರಿಗೆ ಉದ್ಯೋಗ ಸಿಕ್ಕಿತೇ ಎಂಬುದನ್ನು ದಾಖಲಿಸಲಾಗುತ್ತಿತ್ತು. ನಾಲ್ಕನೆಯ ಹಂತದಲ್ಲಿ ಅಭ್ಯರ್ಥಿಗಳು ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳುವಂತೆ ಸಜ್ಜುಗೊಳಿಸುವುದಕ್ಕೆ ಒತ್ತು ಎಂದು ಸಚಿವಾಲಯ ಸಂಸತ್ತಿಗೆ ತಿಳಿಸಿದೆ. ಸ್ವಂತ ಉದ್ಯೋಗ, ಮುಂದಿನ ಓದು ಇವೂ ತರಬೇತಿಯ ಫಲವೇ ಎಂಬ ವಾದದಲ್ಲಿ ಹುರುಳಿದೆ. ಆದರೆ ತಪ್ಪಾಗಿ ತುಂಬಿದ ಅಂಕಣವನ್ನು ಸರಿಪಡಿಸುವ ಬದಲು ಅಂಕಣವನ್ನೇ ತೆಗೆದರೆ, ಮುಂದಿನ ಪರಿಶೋಧಕರಿಗೆ ತಪ್ಪು ಹುಡುಕಲು ಕೂಡ ಏನೂ ಉಳಿಯುವುದಿಲ್ಲ. ಯೋಜನೆಯೇ ಕೇಳದ ಮೇಲೆ, ಹಳೆಯ ಶಿಬಿರಾರ್ಥಿಗಳ ಅನುಸರಣೆಯ ಕಡತವನ್ನು ಇಟ್ಟುಕೊಳ್ಳುವುದೂ ಬಿಡುವುದೂ ಆಯಾ ಸಂಸ್ಥೆಯ ಇಷ್ಟಕ್ಕೆ ಬಿಟ್ಟ ಸಂಗತಿಯಾಗುತ್ತದೆ, ಅದನ್ನು ಕೇಳಿ ನೋಡುವ ಕೆಲಸ ದಾನಿಗಳದೂ ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಯರದೂ ಆಗುತ್ತದೆ.