ಜಾನ್ ಪಿ. ಮೆರಿಲ್: ಕಿಡ್ನಿ ಕಸಿಯಲ್ಲಿ ಫಿಸಿಶಿಯನ್ ಮಾಡಿದ ಕೆಲಸ

ಮನುಷ್ಯರಲ್ಲಿ ಮೊದಲ ಬಾರಿಗೆ ದೀರ್ಘಕಾಲ ಗೆದ್ದ 1954ರ ಕಿಡ್ನಿ ಕಸಿ ಎಂದ ಕೂಡಲೇ ಜೋಸೆಫ್ ಮರ್ರೆ ಹೆಸರು ಹೇಳಿ ಮಾತು ಮುಗಿಸುವವರೇ ಹೆಚ್ಚು. ಮರ್ರೆ ಸರ್ಜನ್, 1990ರ ನೊಬೆಲ್ ಸಿಕ್ಕಿದ್ದು ಅವರಿಗೆ. ಆದರೆ ರೋಗಿಯನ್ನು ಆಪರೇಷನ್‌ವರೆಗೆ ಉಳಿಸಿಕೊಂಡು, ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವ ಹೊಣೆ ಹೊತ್ತವರು ಫಿಸಿಶಿಯನ್ (ಶಸ್ತ್ರಕ್ರಿಯೆ ಮಾಡದೆ ಚಿಕಿತ್ಸೆ ನೀಡುವ ವೈದ್ಯ) ಜಾನ್ ಮೆರಿಲ್. ಆ ಅರ್ಧ ಗೊತ್ತಿಲ್ಲದಿದ್ದರೆ ಈ ಕಸಿ ಗೆದ್ದದ್ದು ಹೇಗೆ ಎಂಬುದೇ ಅರ್ಥವಾಗುವುದಿಲ್ಲ.

ಮೆರಿಲ್ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ. ಹಾರ್ವರ್ಡ್‌ನಿಂದ ವೈದ್ಯ ಪದವಿ 1942ರಲ್ಲಿ. ಯುದ್ಧಕಾಲದ ಸೇನಾ ಸೇವೆ ಮುಗಿಸಿ ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ಮರಳಿದಾಗ, ಅಲ್ಲಿನ ಮುಖ್ಯಸ್ಥ ಜಾರ್ಜ್ ಥಾರ್ನ್ ಅವರಿಗೆ ಒಪ್ಪಿಸಿದ್ದು ಕೃತಕ ಕಿಡ್ನಿಯ ಕೆಲಸ. ನೆಫ್ರಾಲಜಿ (ಕಿಡ್ನಿ ರೋಗಗಳ ವೈದ್ಯಶಾಸ್ತ್ರ) ಎಂಬ ಪ್ರತ್ಯೇಕ ವಿಭಾಗವೇ ಇನ್ನೂ ಇರಲಿಲ್ಲ.

ಯಂತ್ರ

ಮೂಲ ಯಂತ್ರ ನೆದರ್ಲೆಂಡ್ಸ್‌ನ ವಿಲೆಮ್ ಕೋಲ್ಫ್ ಅವರದು. ಅದನ್ನು ಬ್ರಿಗಮ್‌ನವರು ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮರುರೂಪಿಸಿ 1948ರಿಂದ ಬಳಸಿದರು. ಅಡ್ಡವಾಗಿ ತಿರುಗುವ ಡ್ರಮ್, ಅದಕ್ಕೆ ಸುತ್ತಿದ ಸೆಲೊಫೇನ್ ಕೊಳವೆ, ಕೆಳಗೆ ಸುಮಾರು 100 ಲೀಟರ್ ದ್ರಾವಣದ ತೊಟ್ಟಿ. ಡ್ರಮ್ ತಿರುಗಿದಂತೆ ಕೊಳವೆಯೊಳಗಿನ ರಕ್ತ ಮುಂದೆ ಸಾಗುತ್ತದೆ. ಯೂರಿಯಾ, ಪೊಟ್ಯಾಷಿಯಂ ದ್ರಾವಣಕ್ಕೆ ಇಳಿಯುತ್ತವೆ. ತೊಂದರೆಗಳೂ ಇದ್ದವು: ಸೆಲೊಫೇನ್ ಹರಿದರೆ ರಕ್ತ ತೊಟ್ಟಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ರಕ್ತನಾಳದ್ದು. ಪ್ರತಿ ಸಲವೂ ಹೊಸ ಧಮನಿ, ಹೊಸ ಸಿರೆ ಕೊಯ್ದು ತೂರುನಳಿಕೆ ಹಾಕಬೇಕಿತ್ತು. ಕೆಲವು ಸಲಕ್ಕೆ ಜಾಗವೇ ಮುಗಿಯುತ್ತಿತ್ತು. ಆದ್ದರಿಂದ ಯಂತ್ರ ಉಪಯೋಗಕ್ಕೆ ಬಂದದ್ದು ತಾನಾಗಿ ಚೇತರಿಸಿಕೊಳ್ಳುವ ತೀವ್ರ ವೈಫಲ್ಯಕ್ಕೆ ಮುಖ್ಯವಾಗಿ. ರಕ್ತನಾಳದಲ್ಲಿ ಒಮ್ಮೆ ಹಾಕಿ ಮತ್ತೆ ಮತ್ತೆ ಬಳಸಬಹುದಾದ ಕೊಳವೆ, ಸಿಯಾಟಲ್‌ನ ಸ್ಕ್ರಿಬ್ನರ್ ಷಂಟ್, ಬಂದದ್ದು 1960ರಲ್ಲಿ. ಅಲ್ಲಿಯವರೆಗೆ ಕಿಡ್ನಿ ಶಾಶ್ವತವಾಗಿ ಕೆಟ್ಟವರಿಗೆ ಡಯಾಲಿಸಿಸ್ ಎಂದರೆ ಕೆಲವು ದಿನಗಳ ಬಿಡುವು, ಅಷ್ಟೆ.

1954, ಡಿಸೆಂಬರ್ 23

ರೋಗಿ ರಿಚರ್ಡ್ ಹೆರಿಕ್, 23 ವರ್ಷ, ದೀರ್ಘಕಾಲದ ನೆಫ್ರೈಟಿಸ್ (ಕಿಡ್ನಿಯ ಉರಿಯೂತ). ದಾನಿ ಅವಳಿ ಸಹೋದರ ರೊನಾಲ್ಡ್. ಅವಳಿ ಇದ್ದಾನೆಂಬ ಸುಳಿವು ಕೊಟ್ಟು ರೋಗಿಯನ್ನು ಕಳಿಸಿದ್ದು ಡೇವಿಡ್ ಮಿಲ್ಲರ್ ಎಂಬ ವೈದ್ಯರು.

ಇಬ್ಬರೂ ನಿಜವಾಗಿ ಏಕರೂಪ ಅವಳಿಗಳೇ? ಹಾಗಿದ್ದರೆ ಮಾತ್ರ ದೇಹ ಹೊಸ ಕಿಡ್ನಿಯನ್ನು ಪರಕೀಯವೆಂದು ತಿರಸ್ಕರಿಸದು. ರಕ್ತದ ಗುಂಪು, ಕಣ್ಣಿನ ಬಣ್ಣ, ಬೆರಳಚ್ಚು ಎಲ್ಲ ನೋಡಿದರು. (ಬೆರಳಚ್ಚಿಗೆ ಪೊಲೀಸ್ ಠಾಣೆಗೆ ಹೋದದ್ದರಿಂದಲೇ ಸುದ್ದಿ ಪತ್ರಿಕೆಗೆ ಸೋರಿತು.) ಮುಖ್ಯ ಪರೀಕ್ಷೆ ಚರ್ಮದ ಕಸಿ. ಬೇರೆಯವರ ಚರ್ಮ ಸಾಮಾನ್ಯವಾಗಿ ಎರಡು ವಾರದೊಳಗೆ ಸತ್ತು ಉದುರುತ್ತದೆ. ಇಲ್ಲಿ ಸುಮಾರು ಒಂದು ತಿಂಗಳ ನಂತರವೂ ಜೀವಂತವಾಗಿತ್ತು. ಇಲ್ಲೊಂದು ಸೂಕ್ಷ್ಮವಿದೆ. ಯುರೀಮಿಯಾ (ಕಿಡ್ನಿ ಕೆಟ್ಟು ರಕ್ತದಲ್ಲಿ ಕಲ್ಮಶ ತುಂಬಿಕೊಳ್ಳುವುದು) ಇದ್ದವರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಪರರ ಚರ್ಮವೂ ಹೆಚ್ಚು ದಿನ ನಿಲ್ಲುತ್ತದೆ. ಹಾಗಾಗಿ ಒಂದೇ ಪರೀಕ್ಷೆಯನ್ನು ನಂಬಿ ಕೂರುವಂತಿರಲಿಲ್ಲ. ಇದಕ್ಕೂ ಮೊದಲು ಸರ್ಜನ್ ಡೇವಿಡ್ ಹ್ಯೂಮ್ ಬ್ರಿಗಮ್‌ನಲ್ಲೇ ತೊಡೆಯಲ್ಲಿ ಕೂರಿಸಿದ ಪರಕೀಯ ಕಿಡ್ನಿಗಳಲ್ಲಿ ಒಂದು ಐದು ತಿಂಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದ್ದಕ್ಕೂ ಇದೇ ಕಾರಣವೆಂದು ಊಹಿಸಲಾಗಿತ್ತು.

ಹಾರ್ಟ್‌ವೆಲ್ ಹ್ಯಾರಿಸನ್ ದಾನಿಯ ಕಿಡ್ನಿ ತೆಗೆದರು, ಮರ್ರೆ ಕೂರಿಸಿದರು. ಜಾಗ ಕಿಬ್ಬೊಟ್ಟೆ, ಹೊಟ್ಟೆಯ ಒಳಪೊರೆಯಾದ ಪೆರಿಟೋನಿಯಂನ ಹೊರಗೆ. ಕಿಡ್ನಿ ಧಮನಿಯನ್ನು ಕಿಬ್ಬೊಟ್ಟೆಯಲ್ಲಿರುವ ಒಳ ಇಲಿಯಾಕ್ ಧಮನಿಯ ತುದಿಗೆ, ಸಿರೆಯನ್ನು ಇಲಿಯಾಕ್ ಸಿರೆಯ ಬದಿಗೆ, ಮೂತ್ರನಾಳವನ್ನು ನೇರ ಮೂತ್ರಕೋಶಕ್ಕೆ ಸೇರಿಸಿದರು. ಮೂತ್ರನಾಳ ಗಿಡ್ಡವಾದಷ್ಟೂ ಅದರ ತುದಿಗೆ ರಕ್ತ ಚೆನ್ನಾಗಿ ತಲುಪುತ್ತದೆ, ಸೋರಿಕೆ ಕಡಿಮೆ. ಇಂದಿಗೂ ಹೊಸ ಕಿಡ್ನಿ ಸಾಮಾನ್ಯವಾಗಿ ಕೂರುವುದು ಅಲ್ಲೇ. ಕಿಡ್ನಿ 82 ನಿಮಿಷ ರಕ್ತವಿಲ್ಲದೆ ಇತ್ತು. ಆದರೂ ರಕ್ತ ಬಿಟ್ಟ ಕೂಡಲೇ ಮೂತ್ರ ಬಂತು.

ಆಮೇಲಿನ ಕೆಲಸ ಮತ್ತೆ ಫಿಸಿಶಿಯನ್‌ಗೆ. ರಕ್ತದೊತ್ತಡಕ್ಕೆ ಕಾರಣವಾಗಿದ್ದ ರಿಚರ್ಡ್‌ನ ಎರಡೂ ಹಳೆಯ ಕಿಡ್ನಿಗಳನ್ನು ಮುಂದಿನ ತಿಂಗಳುಗಳಲ್ಲಿ ಒಂದೊಂದಾಗಿ ತೆಗೆಸಿದರು. ಈ ಕಸಿಯ ಕುರಿತ 1956ರ ವರದಿಯಲ್ಲಿ ಮೊದಲ ಹೆಸರು ಮೆರಿಲ್ ಅವರದೇ.

ಗೊಂದಲ ಬೇಡ

ಈ ಕಸಿ ರಿಜೆಕ್ಷನ್ (ದೇಹ ಪರರ ಅಂಗವನ್ನು ತಿರಸ್ಕರಿಸುವುದು) ಸಮಸ್ಯೆಯನ್ನು ಬಗೆಹರಿಸಲಿಲ್ಲ, ಬದಿಗಿಟ್ಟಿತು. 1959ರಲ್ಲಿ ಏಕರೂಪವಲ್ಲದ ಅವಳಿಗಳಲ್ಲಿ ಪ್ರತಿರಕ್ಷಣೆ ಕುಗ್ಗಿಸಲು ಇಡೀ ದೇಹಕ್ಕೆ ಎಕ್ಸ್-ರೇ ಕೊಟ್ಟು ಮಾಡಿದ ಒಂದು ಕಸಿ ಉಳಿದುಕೊಂಡಿತು. ಆದರೆ ಈ ದಾರಿಯಲ್ಲಿ ಬಹುತೇಕರು ಉಳಿಯಲಿಲ್ಲ, ಏಕೆಂದರೆ ವಿಕಿರಣ ಮೂಳೆ ಮಜ್ಜೆಯನ್ನೇ ಸುಡುತ್ತಿತ್ತು, ಸೋಂಕು ತಡೆಯಲು ಬಿಳಿ ರಕ್ತಕಣಗಳೇ ಉಳಿಯುತ್ತಿರಲಿಲ್ಲ. ಪ್ರತಿರಕ್ಷಣೆ ತಗ್ಗಿಸುವ ಔಷಧ ಅಝಾಥಯೋಪ್ರಿನ್ ಬಂದ ಮೇಲೆ, 1962ರಲ್ಲಿ, ಮೃತ ದಾನಿಯ ಕಿಡ್ನಿ ಒಂದು ವರ್ಷಕ್ಕೂ ಮೀರಿ ಕೆಲಸ ಮಾಡಿತು. ಮೆರಿಲ್ 1984ರಲ್ಲಿ ತೀರಿಕೊಂಡರು.

ರೋಗ ಮರಳುವುದು

ರಿಚರ್ಡ್ ಎಂಟು ವರ್ಷ ಬದುಕಿ 1963ರಲ್ಲಿ ತೀರಿಕೊಂಡ. ಹೊಸ ಕಿಡ್ನಿಯಲ್ಲೂ ಹಳೆಯ ನೆಫ್ರೈಟಿಸ್ ಕಾಣಿಸಿಕೊಂಡಿತ್ತು. ಈ ಭಾಗವನ್ನು ಪಠ್ಯಗಳು ಒಂದೇ ಸಾಲಿನಲ್ಲಿ ದಾಟುವುದು ಅನ್ಯಾಯ. ಏಕರೂಪ ಅವಳಿಯ ಕಿಡ್ನಿಗೆ ರಿಜೆಕ್ಷನ್ ಇಲ್ಲ. ಆದ್ದರಿಂದ ಅದರ ಗ್ಲೊಮೆರುಲಸ್‌ಗಳಲ್ಲಿ (ರಕ್ತ ಸೋಸುವ ಸಣ್ಣ ರಕ್ತನಾಳಗಳ ಗೊಂಚಲುಗಳಲ್ಲಿ) ಕಂಡ ಹಾನಿಯನ್ನು ರಿಜೆಕ್ಷನ್ ತಲೆಗೆ ಕಟ್ಟುವಂತಿಲ್ಲ. ಕೆಲವು ನೆಫ್ರೈಟಿಸ್‌ಗಳ ಬೇರು ಕಿಡ್ನಿಯ ಹೊರಗೆ, ದೇಹದ ಪ್ರತಿರಕ್ಷಣೆಯಲ್ಲೇ ಇದೆ ಎಂಬುದಕ್ಕೆ ಇದು ನೇರ ಪುರಾವೆ. ಮೆರಿಲ್ ತಂಡ ಅವಳಿ ಕಸಿಗಳನ್ನು ಬೆನ್ನುಹತ್ತಿ ಇದನ್ನು 1968ರಲ್ಲಿ ವಿವರವಾಗಿ ದಾಖಲಿಸಿತು. ಈಗ ಕಸಿಗೆ ಮೊದಲು ಮೂಲ ಕಾಯಿಲೆ ಯಾವುದೆಂದು, ಸಾಧ್ಯವಿದ್ದರೆ ಬಯಾಪ್ಸಿಯ ಆಧಾರದಲ್ಲೇ, ಫೈಲಿನಲ್ಲಿ ಬರೆದಿಡುವುದು ಇದಕ್ಕೇ: ಎಫ್‌ಎಸ್‌ಜಿಎಸ್ (ಗ್ಲೊಮೆರುಲಸ್‌ಗಳು ಅಲ್ಲಲ್ಲಿ ಗಟ್ಟಿಯಾಗುವ ಕಾಯಿಲೆ) ಇದ್ದವರಿಗೆ ಕಸಿಯಾದ ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಪ್ರೋಟೀನ್ ಸುರಿಯತೊಡಗಬಹುದು, ಐಜಿಎ ನೆಫ್ರೋಪತಿ (ಐಜಿಎ ಎಂಬ ಪ್ರತಿಕಾಯ ಕಿಡ್ನಿಯಲ್ಲಿ ಸೇರಿಕೊಳ್ಳುವ ಕಾಯಿಲೆ) ಮರಳಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ.