ದೊಡ್ಡ ಕರುಳೇ ತೆಗೆದ್ಮೇಲೂ ಸ್ಟೋಮಾ ಹತ್ರ ಕ್ಯಾನ್ಸರ್ ಬರತ್ತಾ?

ಪ್ರಶ್ನೆ: ಅಮ್ಮಂಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಹುಣ್ಣಾಗೋ ಕಾಯಿಲೆ) ಇತ್ತು, 27 ವರ್ಷದ ಹಿಂದೆ ದೊಡ್ಡ ಕರುಳು ಪೂರ್ತಿ ತೆಗೆದು ಇಲಿಯೋಸ್ಟೊಮಿ ಮಾಡಿದ್ರು, ಅಂದ್ರೆ ಸಣ್ಣ ಕರುಳಿನ ತುದಿನ ಹೊಟ್ಟೆ ಮೇಲೆ ಹೊರಗೆ ತಂದು ಮಲ ಬ್ಯಾಗ್ ಒಳಗೆ ಬೀಳೋ ಹಾಗೆ; ಆ ಬಾಯಿಗೇ ಸ್ಟೋಮಾ ಅಂತಾರೆ. ಈಗ ಸ್ಟೋಮಾ ಅಂಚಲ್ಲಿ ಕೆಂಪು ಗಂಟು, ಒರೆಸಿದ್ರೆ ಬಟ್ಟೆಗೆ ರಕ್ತ ಹತ್ತತ್ತೆ. ಬ್ಯಾಗ್ ಉಜ್ಜಿ ಆಗಿರೋದಾ, ಕ್ಯಾನ್ಸರಾ?

ಉತ್ತರ: ಇಂಥ ಗಂಟು ಬಹುಪಾಲು ಕ್ಯಾನ್ಸರ್ ಅಲ್ಲ, ಮೊದ್ಲು ಅದನ್ನ ಹೇಳ್ಬಿಡ್ತೀನಿ. ಬ್ಯಾಗನ್ನ ಚರ್ಮಕ್ಕೆ ಅಂಟಿಸೋ ಪ್ಲೇಟ್ ಉಜ್ಜಿ ಉಜ್ಜಿ ಗ್ರ್ಯಾನುಲೋಮಾ ಅಂತ ಮಾಂಸ ಬೆಳೆಯತ್ತೆ, ಅದೂ ಮುಟ್ಟಿದ್ರೆ ಸಾಕು ರಕ್ತ. ಆದ್ರೆ ದೊಡ್ಡ ಕರುಳೇ ಇಲ್ವಲ್ಲ, ಇನ್ನೆಲ್ಲಿ ಕ್ಯಾನ್ಸರ್ ಅಂತ ಸುಮ್ನೆ ಇರ್ಬೇಡಿ. ಇಲಿಯೋಸ್ಟೊಮಿ ಜಾಗದಲ್ಲೇ ಕ್ಯಾನ್ಸರ್ ಆದ ಕೇಸ್ 1969ರಲ್ಲೇ ವರದಿ ಆಗಿದೆ, ಆಮೇಲೂ ಅಲ್ಲೊಂದು ಇಲ್ಲೊಂದು ಬರ್ತಾನೇ ಇವೆ, ತುಂಬಾ ಅಪರೂಪ ನಿಜ, ಆದ್ರೆ ಸುಮಾರು ಕೇಸ್ ಕಾಣಿಸ್ಕೊಂಡಿರೋದು ಆಪರೇಷನ್ ಆಗಿ 20-30 ವರ್ಷ ಕಳೆದ್ಮೇಲೆ, ನಿಮ್ಮಮ್ಮ ಈಗ ಸರಿಯಾಗಿ ಆ ವರ್ಷಗಳಲ್ಲೇ ಇದಾರೆ.

ಯಾಕೆ ಹೀಗೆ ಅಂದ್ರೆ, ಸಣ್ಣ ಕರುಳಿನ ಒಳಪದರ ಹೊರಗೆ ಬಂದು ಚರ್ಮದ ಪಕ್ಕ ಕೂತು ಮಲ, ಅಂಟು, ಉಜ್ಜಾಟ ಎಲ್ಲಾ ತಡ್ಕೊಂಡು ವರ್ಷಗಟ್ಲೆ ಇದ್ರೆ ಕೆಲವರಲ್ಲಿ ನಿಧಾನಕ್ಕೆ ದೊಡ್ಡ ಕರುಳಿನ ಪದರದ ಥರ ಬದಲಾಗತ್ತೆ, ಮುಂದೆ ಅದೇ ಕ್ಯಾನ್ಸರ್‌ಗೆ ದಾರಿ ಆಗ್ಬಹುದು ಅಂತ ಡಾಕ್ಟರ್‌ಗಳ ಅಂದಾಜು. ವಂಶದಲ್ಲಿ ಎಫ್‌ಎಪಿ ಪಾಲಿಪ್ ಕಾಯಿಲೆ (ಕರುಳಲ್ಲಿ ರಾಶಿ ರಾಶಿ ಸಣ್ಣ ಗಂಟು ಬೆಳೆಯೋದು) ಇರೋರಿಗೆ ಸ್ಟೋಮಾ ಮೇಲೇ ಪಾಲಿಪ್ ಬರ್ಬಹುದು, ಅವ್ರು ಇನ್ನೂ ಹುಷಾರಾಗಿರ್ಬೇಕು.

ನನಗೆ ಸಂಕಟ ಆಗೋದು ಎಲ್ಲಿ ಅಂದ್ರೆ, ಹಳೇ ಕಾಯಿಲೆ ಹೋಯ್ತಲ್ಲ ಅಂತ ಚೆಕಪ್ ಬಿಟ್ಟಿರ್ತಾರೆ, ಗಂಟು ಬಂದ್ರೆ ಪೌಡರ್ ಹಾಕ್ಕೊಂಡು ತಿಂಗಳುಗಟ್ಲೆ ದೂಡ್ತಾರೆ, ನೋವಿಲ್ವಲ್ಲ ಅಂತಾರೆ. ಸ್ಟೋಮಾದ ಕೆಂಪು ಭಾಗಕ್ಕೆ ಚುಚ್ಚಿದ್ರೂ ಕುಯ್ದ್ರೂ ನೋವೇ ಗೊತ್ತಾಗಲ್ಲ ಕಣ್ರೀ, ಅದನ್ನ ನೋಡ್ಕೊಂಡು ಧೈರ್ಯ ತಗೋಬೇಡಿ. ಸ್ಟೋಮಾ ಕೂರೋಕೆ ಪ್ಲೇಟಲ್ಲಿ ಕತ್ತರಿಸೋ ತೂತು ನೋಡಿ. ಎಷ್ಟೋ ವರ್ಷದಿಂದ ಒಂದೇ ಅಳತೆಗೆ ಕತ್ತರಿಸ್ತಿದ್ದೋರು ಈಗ ಒಂದು ಕಡೆ ಮಾತ್ರ ದೊಡ್ಡದಾಗಿ ಕತ್ತರಿಸ್ಬೇಕಾಗಿದೆ, ಬ್ಯಾಗ್ ಆ ಕಡೆಯಿಂದ್ಲೇ ಲೀಕ್ ಆಗ್ತಿದೆ ಅಂದ್ರೆ ಏನೋ ಬೆಳೀತಿರ್ಬಹುದು ಅಂತ ಅರ್ಥ.

ಗೊತ್ತಾಗೋದು ಬಯಾಪ್ಸಿಯಲ್ಲೇ, ಸಣ್ಣ ಚೂರು ತೆಗೀತಾರೆ ಅಷ್ಟೇ. ಅಕಸ್ಮಾತ್ ಕ್ಯಾನ್ಸರ್ ಅಂತ ಬಂದ್ರೆ ಸಾಮಾನ್ಯವಾಗಿ ಸುತ್ತಲಿನ ಚರ್ಮ, ಹೊಟ್ಟೆ ಗೋಡೆ ಸಮೇತ ಆ ಭಾಗ ತೆಗೆದು ಹೊಟ್ಟೆ ಮೇಲೇ ಬೇರೆ ಜಾಗದಲ್ಲಿ ಹೊಸ ಸ್ಟೋಮಾ ಮಾಡ್ತಾರೆ. ಹರಡಿದ್ಯೇನೋ ಅಂತ ತಿಳಿಯೋಕೆ ತೊಡೆಸಂದಿ, ಕಂಕುಳಲ್ಲಿ ಗಡ್ಡೆ ಇದ್ಯಾ ಅಂತಾನೂ ನೋಡ್ತಾರೆ. ಈ ವಾರವೇ ಸರ್ಜನ್ ಹತ್ರ ಕರ್ಕೊಂಡು ಹೋಗಿ, ಗಂಟು ಯಾವಾಗ ಶುರುವಾಯ್ತು ಅಂತ ಅಮ್ಮನ್ನ ಕೇಳಿ ಬರ್ಕೊಳಿ, ಕತ್ತರಿಸಿದ ಹಳೇ ಪ್ಲೇಟ್ ಒಂದು ಜೊತೆಗಿರಲಿ.